ನಾಲ್ಕು ಬೆರಳು ಕಡಿಮಿ

ಗೇಟಿನ ಬಾಜೂಕ ಹಲಿಗಿ ಜಿರಾಫೆ ಒಂದು.
ಅದು ಚಾಚಿದ ಕೈ ಕೆಳಗ ನಿಂತ ಗಂಗೋತ್ರಿ
ಉಸಿರು ಹಿಡಿದ್ಲು, ಕುತಿಗಿ ಉದ್ದ ಮಾಡಿದ್ಲು,
ಹಿಮ್ಮಡ ಎತ್ತಿದ್ಲು.
ನೀಲಿ ಅಂಗಿ ಹುಡುಗ ಆಕಿ ಹೆಗಲಿಗೆ ಬೆರಳಿಟ್ಟು
ಸಾವಕಾಶ ಕೆಳಗಿಳಿಸಿದ.
‘ನಾಲ್ಕು ಬೆರಳು ಕಡಿಮಿ ಅದಾಳ್ರೀ, ಅಜ್ಜಾರ.’

ಮೂವತ್ತಾರು ವರ್ಷ ನಾನೂ ಇದನ್ನ ಹೇಳೇನಿ,
ರೈಲ್ವೆ ವರ್ಕ್‌ಶಾಪಿನ್ಯಾಗ, ಗಾಲಿ ಅಂಚಿಗೆ ಗೇಜು ಹಚ್ಚಿ:
ಪಾಸು. ನಪಾಸು. ಸುಣ್ಣದ ಕಡ್ಡೀಲೆ ಒಂದು ಕಾಟು.
ಗಾಲಿ ಎಂದೂ ತುಟಿ ನಡುಗಿಸಿದ್ದಿಲ್ಲ.

ಸೃಜನ ರೋಹಿಣಿ ಕಿರಚಗೋತ ಓಡಿದ್ರು, ಅವರವ್ವ ಹಿಂದ.
ನಮಗ ಉಳಿದದ್ದು ಮೂರು ಚೀಲ, ಅವರ ಚಪ್ಪಲಿ,
ಹೊರಗಿನ ಊಟ ಬ್ಯಾಡಂತ ಬೋರ್ಡಿದ್ರೂ
ಟವೆಲಿನ್ಯಾಗ ಸುತ್ತಿ ತಂದ ರೊಟ್ಟಿ ಡಬ್ಬಿ,
ಮತ್ತ ಇಡೀ ದಿನ.

ಮೊದಲ ಚಪ್ಪಲಿ ಸಾಲು ಹಚ್ಚಿದ್ಲು.
ನನ್ನ ಬಲಗಾಲಿಂದು ಎಂಜಿನ್ನು, ಎಡಗಾಲಿಂದು ಗಾರ್ಡಿನ ಡಬ್ಬಿ.
‘ಗಾಲಿ ಎಲ್ಲದಾವ?’ ಅಂದೆ.
‘ಅಜ್ಜಾ, ನಿನಗ ಬರೇ ಗಾಲೀದ ಚಿಂತಿ.’

ಆ ಕಡೆ ರಿಪೇರಿಗೆ ಬಿದ್ದ ಆಟ ಒಂದು, ಮ್ಯಾಲ ತಾಡಪಾಲು.
ಅದರ ಮುಂದ ಪಾಳಿ ಹಚ್ಚೋ ಕಬ್ಬಿಣದ ಪೈಪು,
ಹಾವು ಹರದಂಗ, ಹೊಳ್ಳಿ ಹೊಳ್ಳಿ.
ಒಂದು ನರಪಿಳ್ಳಿ ಇಲ್ಲ.
ಆಕಿ ಒಂದ ಪಾಳಿನೂ ತಪ್ಪಿಸಲಿಲ್ಲ,
ಪೈಪಿನ ಕೆಳಗ ನುಸುಳಲಿಲ್ಲ,
ಪೂರಾ ಸುತ್ತಿ ಬಾಗಲಕ್ಕ ಮುಟ್ಟಿ
‘ನಾನ ಮೊದಲು!’ ಅಂದ್ಲು.
ಮತ್ತ ಹಿಂದ ಹೋಗಿ ನಿಂತ್ಲು.
ಹನ್ನೊಂದು ಸರ್ತಿ ಮೊದಲು ಬಂದ್ಲು.

ಕೈ ಒಣಗಿಸೋ ಮಿಷನ್ನಿಗೆ ಮುಖ ಕೊಟ್ಟಳು,
ಬಿಸಿಗಾಳಿಗೆ ಕೂದಲು ಪುಗ್ಗದಂಗ ಉಬ್ಬಿತು.
ಬಾಯಿಂದ ನೀರು ಉಗಳೋ ಸಿಮೆಂಟ್ ಕಪ್ಪಿಗೆ
ಬೊಗಸಿ ತುಂಬಿ ಅದ ನೀರು ಹೊಳ್ಳಿ ಕುಡಿಸಿದ್ಲು,
‘ಪಾಪ, ಎಲ್ಲಾ ವಾಂತಿ ಮಾಡಾಕತ್ತೈತಿ.’

ಬೇವಿನ ಗಿಡದ ನೆಳ್ಳಿಗೆ ಕುಂದಗೋಳದ ಮೌಲಾಲಿ,
ಮೈಯೆಲ್ಲಾ ಕರಡಿ, ಕುತಿಗಿ ಮ್ಯಾಲ ಮನಶ್ಯಾ,
ಕರಡಿ ತಲಿ ತೊಡಿಮ್ಯಾಲ ಇಟಗೊಂಡು
ಗಿರ್ಮಿಟ್ಟು ತಿನ್ನಾಕತ್ತಿದ್ದ.
ಹೆದರ್ತಾಳೇನೋ ಅಂತ ನಾ ಎದ್ದೆ.
ಆಕಿ ಚುರುಮರಿ ನಾಲ್ಕು ಕಾಳು ಇಸಗೊಂಡು
ತೊಡಿಮ್ಯಾಲಿನ ಬಾಯಾಗ ಹಾಕಿದ್ಲು.
ಮೌಲಾಲಿ ಗಲ್ಲ ಆಡಿಸಿ, ನುಂಗಿ,
‘ಉಪ್ಪು ಕಡಿಮಿ ಆಗೈತಿ’ ಅಂದ.

ಮೂಲ್ಯಾಗ ಅಣಬಿ ಆಕಾರದ ಮನಿ.
ಬಾಗಲ ನನ್ನ ಮೊಣಕಾಲಿಗೆ.
ಬಗ್ಗಿದೆ, ಇನ್ನೂ ಬಗ್ಗಿದೆ, ಟೊಂಕ ಕಟಕ್ ಅಂತು.
ಒಳಗಿಂದ ಒಂದು ಕೈ ಅಡ್ಡ ಬಂತು, ಜಿರಾಫೆದಂಗ:
‘ನೀ ಭಾಳ ಉದ್ದ ಅದಿ. ಹೊರಗ ಕೂಡು.’

ಕುಂತೆ.
ನಪಾಸಾದ ಗಾಲಿ ಶೆಡ್ಡಿನ ಹಿಂದ ಹುಲ್ಲಾಗ ಕುಂತಂಗ.
ಅಲ್ಲೆ ಓತಿಕ್ಯಾತ ಆಡತಿದ್ವು, ನೆನಪೈತಿ.
ಕಿಡಕಿಯಿಂದ ಚಹಾ ಬಂತು, ಬೇವಿನೆಲಿಯೊಳಗ,
ಸಕ್ಕರಿ ಅಂತ ಮೂರು ಹರಳು.
ಕುಡಿದೆ. ಇನ್ನೊಂದು ಕೇಳಿದೆ.
‘ಹಾಲು ತೀರೇದ’ ಅಂದ್ಲು.

ಸಂಜಿ ಬಸ್ಸಿನ್ಯಾಗ ಸೃಜನನ ಬಾಯಿ ಮುಚ್ಚಲಿಲ್ಲ:
ಎಷ್ಟು ಎತ್ತರ, ಎಷ್ಟು ಜೋರು, ಯಾರು ಅತ್ತರು.
ಕಂಡಕ್ಟರ್ ಬಂದ. ನನಗ, ಸೃಜನಗ ರೊಕ್ಕದ ಟಿಕೀಟು,
ಸೊಸಿಗೆ, ರೋಹಿಣಿಗೆ ಸೊನ್ನಿ ಟಿಕೀಟು.
‘ನಂದು?’
‘ಎಷ್ಟವ್ವಾ ನಿನಗ?’
ಸೀಟಿನ ರಾಡ್ ಹಿಡಿದು, ಹಿಮ್ಮಡ ಎತ್ತಿ:
‘ಆರು.’
ಕಂಡಕ್ಟರ್ ನನ್ನ ಮಾರಿ ನೋಡಿದ.
ನಾ ಕಿಡಕಿ ಹೊರಗ ಗೋವಿನಜೋಳದ ಹೊಲ ನೋಡಿದೆ.
ಮಿಷನ್ನು ಕಿರ್ ಅಂತು.

ಎರಡೂ ಕೈಲೆ ಹಿಡಿದು ತಂದ್ಲು. ‘ಓದು.’
‘ಹುಬ್ಬಳ್ಳಿ,’ ಅಂದೆ. ‘ಸೊನ್ನಿ ರೂಪಾಯಿ.’
‘ಇಲ್ಲೆ ಏನೈತಿ?’
‘ಮಹಿಳೆ, ಒಂದು.’